ಮೂರು ದಿನಕ್ಕೆ ಎರಡರಷ್ಟಾಗುವ ಹಸಿರು: ಕೈತೋಟದ ಕೊಳದಲ್ಲಿ ತೇಲುವ ಕಳೆ

ಪ್ರಶ್ನೆ: ನಮ್ಮ ಕೈತೋಟದಲ್ಲಿ ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಆಳದ ಕೊಳ ಇದೆ. ನಾಲ್ಕು ಕುಂಡ ನೈದಿಲೆ, ಹದಿನೈದು ಗೋಲ್ಡ್‌ಫಿಶ್ ಇವೆ. ಎರಡು ತಿಂಗಳ ಹಿಂದೆ ಹೊಸ ನೈದಿಲೆ ತಂದು ಇಟ್ಟ ಮೇಲೆ ನೀರಿನ ಮೇಲೆ ಪಾಚಿ ಶುರುವಾಯಿತು. ಈಗ ನೀರೇ ಕಾಣುವುದಿಲ್ಲ. ಎರಡು ಸಲ ತೆಗೆದೆ. ಎರಡೇ ವಾರದಲ್ಲಿ ಮತ್ತೆ ತುಂಬಿತು. ಒಂದೊಂದು ಎಲೆ ಬೇಳೆಯಷ್ಟಿದೆ, ಕೈಗೆ ಅಂಟಿಕೊಳ್ಳುತ್ತದೆ, ತಿರುಗಿಸಿ ನೋಡಿದರೆ ಅಡಿಭಾಗ ನೇರಳೆ. ಒಂದು ಮೂಲೆಯಲ್ಲಿ ಮಾತ್ರ ಕೆಂಪಗೆ ಮಖಮಲ್ಲಿನ ಹಾಗೆ ಕಾಣುತ್ತದೆ. ಬೆಳಗಿನ ಹೊತ್ತು ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಮೈಲುತುತ್ತ ಹಾಕಿ ಎಂದು ಪರಿಚಯದವರೊಬ್ಬರು ಹೇಳಿದ್ದಾರೆ. ಹಾಕಲೇ? ಇದನ್ನು ಪೂರ್ತಿ ಕಳೆದುಕೊಳ್ಳುವ ದಾರಿ ಇದೆಯೇ?

ಉತ್ತರ:

ಮೈಲುತುತ್ತ ಹಾಕಬೇಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ, ಇದೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಮೀನುಗಳು ಬೆಳಗ್ಗೆ ಬಾಯಿ ಬಿಡುತ್ತಿವೆ ಎಂದರೆ ನೀರಿನಲ್ಲಿ ಆಮ್ಲಜನಕ ಆಗಲೇ ತೀರಾ ಕಡಿಮೆಯಾಗಿದೆ. ಅಂಥ ನೀರಿಗೆ ಮೈಲುತುತ್ತ ಬಿದ್ದರೆ ಎರಡು ಕಡೆಯಿಂದ ಹೊಡೆತ. ಅದರಲ್ಲಿರುವ ತಾಮ್ರ ಮೀನಿನ ಕಿವಿರನ್ನು ಹಾಳು ಮಾಡುತ್ತದೆ, ಮೆದು ನೀರಿನಲ್ಲಂತೂ ಇನ್ನೂ ಜಾಸ್ತಿ. ಸತ್ತ ಹಸಿರು ಕೊಳೆಯುವಾಗ ಉಳಿದಿರುವ ಆಮ್ಲಜನಕವೂ ಖಾಲಿಯಾಗುತ್ತದೆ. ಸಾಲದ್ದಕ್ಕೆ ಮೈಲುತುತ್ತ ಪಾಚಿಗೆ ಬಳಸುವ ಮದ್ದು. ನಿಮ್ಮ ಕೊಳದಲ್ಲಿ ಇರುವುದು ಪಾಚಿಯೇ ಅಲ್ಲ.

ನೀರಿನ ಮೇಲೆ ಹಸಿರು ಕಂಡರೆ ಸಾಕು, ಪಾಚಿ ಅಂದುಬಿಡುತ್ತೇವೆ. ಆಡುಮಾತಿಗೆ ಅದು ಸರಿ. ಕೊಳ ಸರಿಪಡಿಸಲು ಹೊರಟಾಗ ಮಾತ್ರ ಅದೇ ತೊಂದರೆ ಕೊಡುತ್ತದೆ. ಒಂದಕ್ಕೆ ನಾಟುವ ಉಪಾಯ ಇನ್ನೊಂದಕ್ಕೆ ಏನೂ ಮಾಡುವುದಿಲ್ಲ. ಹಾಗಾಗಿ ಬಲೆ ಹಿಡಿಯುವ ಮೊದಲು ಒಂದು ಬಿಳಿ ತಟ್ಟೆ ತನ್ನಿ. ಅರ್ಧ ತಟ್ಟೆ ನೀರು ಹಾಕಿ, ಕೊಳದ ಹಸಿರನ್ನು ಒಂದು ಚಮಚದಷ್ಟು ಅದರಲ್ಲಿ ತೇಲಿಬಿಡಿ. ಈಗ ಬಗ್ಗಿ ನೋಡಿ.

ಬಿಡಿ ಬಿಡಿ ಎಲೆ ಕಂಡರೆ ಒಂದನ್ನು ಬೆರಳ ತುದಿಗೆ ಅಂಟಿಸಿ ತಿರುಗಿಸಿ. ಕೆಳಗೆ ಒಂದೇ ಒಂದು ದಾರದಂಥ ಬೇರು ಇಳಿದಿದ್ದರೆ ಅದು ಸಾಮಾನ್ಯ ಡಕ್‌ವೀಡ್, ಅಂದರೆ ಲೆಮ್ನಾ. ಅಡಿಭಾಗ ನೇರಳೆಯಾಗಿದ್ದು, ಒಂದೇ ಕಡೆಯಿಂದ ಗೊಂಚಲು ಬೇರು ಹೊರಟಿದ್ದರೆ ಸ್ಪೈರೊಡೆಲಾ ಎಂಬ ದೊಡ್ಡ ಡಕ್‌ವೀಡ್. ನಿಮ್ಮ ವಿವರಣೆ ಇದಕ್ಕೇ ಹೊಂದುತ್ತದೆ. ಬೇರೇ ಇಲ್ಲದೆ ಹಸಿರು ರವೆ ಚೆಲ್ಲಿದ ಹಾಗಿದ್ದರೆ ಅದು ವುಲ್ಫಿಯಾ. ಹೂ ಬಿಡುವ ಗಿಡಗಳಲ್ಲೆಲ್ಲ ಅತಿ ಚಿಕ್ಕದು ಅದೇ, ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಮೂರೂ ಒಂದೇ ಬಳಗ. ಮೂರೂ ಹೂ ಬಿಡುವ ಗಿಡಗಳೇ, ಪಾಚಿಯ ಕುಲದವಲ್ಲ.

ಕೆಂಪು ಮೂಲೆಯದ್ದು ಬಹುಶಃ ಅಜೋಲಾ. ಅದರ ಒಂದು ಚೂರನ್ನೂ ತಟ್ಟೆಗೆ ಹಾಕಿ. ಚಿಕ್ಕ ಚಿಕ್ಕ ಹುರುಪೆಗಳು ಒಂದರ ಮೇಲೊಂದು ಕೂತು ಪುಟ್ಟ ಕೊಂಬೆಯ ಆಕಾರ ಆಗಿದ್ದರೆ, ಮೇಲೆ ಒಂದು ಹನಿ ನೀರು ಬಿಟ್ಟಾಗ ಅದು ಉರುಳಿ ಹೋದರೆ ಅನುಮಾನ ಬೇಡ. ಅಜೋಲಾ ಒಂದು ಜರೀಗಿಡ. ಬಿಸಿಲು ಜಾಸ್ತಿಯಾದಾಗ, ಚಳಿ ಬಿದ್ದಾಗ, ರಂಜಕ ಸಾಲದಾದಾಗ ಕೆಂಪಾಗುತ್ತದೆ. ಇದರ ಎಲೆಯೊಳಗಿನ ಪೊಟರೆಯಲ್ಲಿ ನೀಲಿ-ಹಸಿರು ಬ್ಯಾಕ್ಟೀರಿಯಾ ವಾಸ ಮಾಡುತ್ತದೆ. ಅದು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಭತ್ತದ ಗದ್ದೆಗೆ ಅಜೋಲಾವನ್ನು ಗೊಬ್ಬರವಾಗಿ ಬಿಡುವುದು ಇದೇ ಕಾರಣಕ್ಕೆ. ಗದ್ದೆಯಲ್ಲಿ ಅದು ವರ. ನಿಮ್ಮ ಕೊಳದಲ್ಲಿ ಅದೇ ಗುಣ ತಲೆನೋವು: ನೀರಿನಲ್ಲಿ ಸಾರಜನಕ ಇಲ್ಲದಿದ್ದರೂ ಅಜೋಲಾ ಕೇರ್ ಮಾಡುವುದಿಲ್ಲ. ಅದನ್ನು ಕಟ್ಟಿಹಾಕುವುದು ರಂಜಕದ ಕೊರತೆ ಮಾತ್ರ.

ತಟ್ಟೆಯಲ್ಲಿ ಎಲೆಯೇ ಕಾಣದೆ ಹಸಿರು ಎಳೆ, ಹತ್ತಿಯಂಥ ಮುದ್ದೆ ಅಥವಾ ಬರೀ ಬಣ್ಣ ಇದ್ದರೆ ಅದು ಪಾಚಿಯ ಕಡೆಯದು. ಆಗ ಒಂದು ಕಡ್ಡಿ ತೆಗೆದುಕೊಂಡು ಕೊಳಕ್ಕೆ ಅದ್ದಿ ಎತ್ತಿ. ಎಳೆಗಳು ಕೂದಲಿನ ಹಾಗೆ ನೇತಾಡಿದರೆ ದಾರಪಾಚಿ. ಕಡ್ಡಿಗೇ ಸುತ್ತಿ ಸುತ್ತಿ ತೆಗೆಯಬಹುದು. ಕಡ್ಡಿಯನ್ನು ಹಸಿರು ಪೇಂಟ್ ಡಬ್ಬದಲ್ಲಿ ಅದ್ದಿದ ಹಾಗೆ ಆದರೆ ಹುಷಾರು. ನೀಲಿ-ಹಸಿರು ಪಾಚಿ ಇರಬಹುದು. ಇದರ ಕೆಲವು ಜಾತಿಗಳು ವಿಷ ಬಿಡುತ್ತವೆ. ಆ ನೀರನ್ನು ನಾಯಿ, ದನ ಕುಡಿಯದಂತೆ ನೋಡಿಕೊಳ್ಳಿ, ಬರಿಗೈ ಹಾಕಬೇಡಿ. ನೀರಿನ ಮೇಲೆ ಕಾಮನಬಿಲ್ಲಿನಂಥ ಪೊರೆ ಕಂಡರೂ ಕಡ್ಡಿಯೇ ಸಾಕು. ಚುಚ್ಚಿದಾಗ ಗಾಜಿನ ಚೂರಿನ ಹಾಗೆ ಒಡೆದರೆ ಕಬ್ಬಿಣದ ಬ್ಯಾಕ್ಟೀರಿಯಾ, ಅದರಿಂದ ಅಪಾಯವಿಲ್ಲ. ಒಡೆಯದೆ ಮತ್ತೆ ಕೂಡಿಕೊಂಡರೆ ಎಣ್ಣೆ.

ಇನ್ನು ದೊಡ್ಡವು. ಇಲ್ಲಿ ಹೆಸರಿನ ಗೊಂದಲ ಇನ್ನೂ ಜಾಸ್ತಿ. ಅಂತರಗಂಗೆ ಎಂದು ಎರಡು ಬೇರೆ ಬೇರೆ ಗಿಡಗಳನ್ನು ಕರೆಯುತ್ತೇವೆ. ಒಂದು ಪಿಸ್ಟಿಯಾ: ತೇಲುವ ಪುಟ್ಟ ಎಲೆಕೋಸಿನ ಹಾಗೆ, ಎಲೆ ಮುಟ್ಟಿದರೆ ಮೆತ್ತಗೆ. ಇನ್ನೊಂದು ದಕ್ಷಿಣ ಅಮೆರಿಕದಿಂದ ಬಂದ ವಾಟರ್ ಹಯಸಿಂತ್: ತೊಟ್ಟು ಬಲೂನಿನ ಹಾಗೆ ಉಬ್ಬಿರುತ್ತದೆ, ಮುರಿದರೆ ಒಳಗೆ ಸ್ಪಂಜು, ತಿಳಿನೇರಳೆ ಹೂವಿನ ಮೇಲಿನ ಎಸಳಲ್ಲಿ ನವಿಲಿನ ಕಣ್ಣಿನಂಥ ಹಳದಿ ಚುಕ್ಕೆ. ಹೂ ಚೆಂದ ಅಂತ ಇಟ್ಟುಕೊಂಡವರು ಆಮೇಲೆ ಪಡುವ ಪಾಡು ನೋಡಿದ್ದೇನೆ. ಬೀಜ ಒಮ್ಮೆ ಕೆಸರಿಗೆ ಇಳಿದರೆ 15-20 ವರ್ಷ ಜೀವ ಹಿಡಿದುಕೊಂಡಿರಬಲ್ಲದು. ಆದರೂ ಇವೆರಡೂ ಕೈಗೆ ಸಿಗುವ ಗಾತ್ರದವು, ಚಿಕ್ಕ ಕೊಳದಿಂದ ಎತ್ತಿ ತೆಗೆಯುವುದು ಸುಲಭ. ತೆಗೆಯಲು ಇನ್ನೊಂದು ಕಾರಣವೂ ಇದೆ. ಮ್ಯಾನ್ಸೋನಿಯಾ ಎಂಬ ಸೊಳ್ಳೆಯ ಮರಿಗಳು ಉಸಿರಾಡಲು ನೀರಿನ ಮೇಲೆ ಬರುವುದೇ ಇಲ್ಲ. ಈ ಗಿಡಗಳ ಬೇರಿಗೆ ಕೊಳವೆ ಚುಚ್ಚಿ ಅಲ್ಲಿಂದಲೇ ಗಾಳಿ ಎಳೆದುಕೊಳ್ಳುತ್ತವೆ. ಬೇರಿನ ಗೋಜಲಲ್ಲಿ ಅಡಗಿ ಕೂತ ಅವು ಮೀನಿನ ಕಣ್ಣಿಗೂ ಬೀಳುವುದು ಕಷ್ಟ.

ಮೂರನೆಯದು ಸಾಲ್ವಿನಿಯಾ. ಜೋಡಿ ಎಲೆ ನಡುವೆ ಮಡಚಿದಂತಿರುತ್ತದೆ. ಮೇಲ್ಭಾಗದ ರೋಮಗಳನ್ನು ಭೂತಗನ್ನಡಿ ಹಿಡಿದು ನೋಡಿ, ಪ್ರತಿಯೊಂದರ ತುದಿಯೂ ಪುಟ್ಟ ಕಡಗೋಲಿನ ಹಾಗೆ. ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಈ ಗಿಡವೇ ಒಳ್ಳೆಯ ಉದಾಹರಣೆ. ಇದನ್ನು ಬಹಳ ಕಾಲ ಇದರದೇ ನೆಂಟ ಜಾತಿ ಎಂದು ತಿಳಿದಿದ್ದರು. ಆ ನೆಂಟನ ಮೇಲಿದ್ದ ಮೂತಿಹುಳುಗಳನ್ನು ತಂದು ಆಫ್ರಿಕಾದ ನೀರಿನಲ್ಲಿ ಬಿಟ್ಟರು, ಕಳೆ ಬಗ್ಗಲಿಲ್ಲ. 1972ರಲ್ಲಿ ಇದು ಬೇರೆಯೇ ಜಾತಿ ಎಂದು ಹೆಸರಿಟ್ಟರು. ಆಮೇಲೆ ಬ್ರೆಜಿಲ್‌ನ ಆಗ್ನೇಯ ಭಾಗದಲ್ಲಿ ಅದರ ತವರು ಸಿಕ್ಕಿತು. ಅಲ್ಲಿ ಇದನ್ನೇ ತಿನ್ನುವ ಹುಳುವೂ ಸಿಕ್ಕಿತು. 1980ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಮೂಂಡಾರ ಸರೋವರಕ್ಕೆ ಅದನ್ನು ಬಿಟ್ಟಾಗ ಎರಡು ವರ್ಷವೂ ಬೇಕಾಗಲಿಲ್ಲ, ಅಷ್ಟು ದೊಡ್ಡ ಹಾಸು ಕರಗಿಹೋಯಿತು. ನಿಮ್ಮ ಕೊಳಕ್ಕೆ ಹುಳು ಬಿಡಿ ಎಂದು ಹೇಳುತ್ತಿಲ್ಲ, ಅದು ದೊಡ್ಡ ಕೆರೆಗಳ ಕೆಲಸ. ತಟ್ಟೆ ಹಿಡಿದು ಐದು ನಿಮಿಷ ಬಗ್ಗಿ ನೋಡುವುದು ದಂಡವಲ್ಲ ಅಂತ ಹೇಳಿದೆ ಅಷ್ಟೇ.

ಮೀನಿನ ವಿಷಯಕ್ಕೆ ಬರೋಣ. ನೀರೊಳಗಿನ ಗಿಡ ಹಗಲಲ್ಲಿ ಆಮ್ಲಜನಕವನ್ನು ನೀರಿಗೆ ಬಿಡುತ್ತದೆ. ತೇಲುವ ಎಲೆ ಅದನ್ನು ಹೆಚ್ಚಾಗಿ ಗಾಳಿಗೆ ಬಿಡುತ್ತದೆ. ಮೇಲೆ ಹೊದಿಕೆ ದಟ್ಟವಾದರೆ ಗಾಳಿ ನೀರಿಗೆ ಬೆರೆಯುವ ದಾರಿ ಮುಚ್ಚುತ್ತದೆ, ಬಿಸಿಲು ಕೆಳಗಿಳಿಯದೆ ಒಳಗಿನ ಗಿಡಗಳೂ ಸೊರಗುತ್ತವೆ. ರಾತ್ರಿಯಿಡೀ ಮೀನು, ಗಿಡ, ಕೆಸರಿನ ಬ್ಯಾಕ್ಟೀರಿಯಾ ಎಲ್ಲ ಸೇರಿ ಇದ್ದಬದ್ದ ಆಮ್ಲಜನಕ ಬಳಸುತ್ತವೆ. ಬೆಳಗಿನ ಜಾವಕ್ಕೆ ಬುಡ ಕಾಣುತ್ತದೆ. ಹಾಗಾಗಿ ಉಳಿದದ್ದು ಏನೇ ಇರಲಿ, ಇವತ್ತೇ ಅರ್ಧ ಕೊಳ ತೆರವು ಮಾಡಿ. ಚಿಕ್ಕದೊಂದು ಗಾಳಿಪಂಪು ಇದ್ದರೆ ರಾತ್ರಿಯಿಡೀ ಓಡಿಸಿ. ಹಾಗೇ ಇನ್ನೊಂದು ಮಾತು. ಪೂರ್ತಿ ಮುಚ್ಚಿದ ಕೊಳ ದೂರದಿಂದ ಹುಲ್ಲುಹಾಸಿನ ಹಾಗೆ ಕಾಣುತ್ತದೆ. ಚಿಕ್ಕ ಮಕ್ಕಳು, ನಾಯಿಮರಿ ಅದರ ಮೇಲೆ ಕಾಲಿಟ್ಟುಬಿಡುತ್ತಾರೆ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ.

ಎರಡು ಸಲ ತೆಗೆದರೂ ಬಂತು ಅಂದಿರಿ. ಯಾಕೆ ಅಂತ ಲೆಕ್ಕ ಹಾಕೋಣ. ಬೆಚ್ಚಗಿನ, ಗೊಬ್ಬರ ತುಂಬಿದ ನೀರಿನಲ್ಲಿ ಡಕ್‌ವೀಡ್ ಸುಮಾರು ಎರಡು ಮೂರು ದಿನಕ್ಕೆ ಎರಡರಷ್ಟಾಗುತ್ತದೆ. ಮೂರು ದಿನ ಅಂತಲೇ ಹಿಡಿಯಿರಿ. ನೈದಿಲೆ ಎಲೆಯ ಸಂದಿಯಲ್ಲಿ, ಕುಂಡದ ಅಂಚಿನಲ್ಲಿ ನೀವು ನೂರು ಎಲೆ ಬಿಟ್ಟಿರಿ. ಮೂವತ್ತು ದಿನಕ್ಕೆ ಅದು ಹತ್ತು ಸಲ ಇಮ್ಮಡಿಯಾಗುತ್ತದೆ, ಅಂದರೆ 1,02,400. ಇದೇ ಲೆಕ್ಕವನ್ನು ತಿರುಗಿಸಿ ನೋಡಿ: ಅರ್ಧ ಕೊಳ ತುಂಬಿದ ದಿನ ನಿಮ್ಮ ಕೈಯಲ್ಲಿ ಇನ್ನು ಮೂರೇ ದಿನ ಇದೆ. ತಿಂಗಳಿಗೊಮ್ಮೆ ಬೆವರು ಸುರಿಸಿ ಪೂರ್ತಿ ತೆಗೆಯುವವರು ಸೋಲುವುದು, ಎರಡು ದಿನಕ್ಕೊಮ್ಮೆ ಐದು ನಿಮಿಷ ಬಲೆ ಆಡಿಸುವವರು ಗೆಲ್ಲುವುದು ಇಲ್ಲೇ.

ತೆಗೆಯುವುದಕ್ಕೂ ಒಂದು ಹದ ಇದೆ. ಬಲೆ ಹಿಡಿದು ಅಲ್ಲಿ ಇಲ್ಲಿ ಗೋರಬೇಡಿ, ಕಳೆ ಚದುರಿ ಓಡುತ್ತದೆ. ಗಾಳಿ ಒಂದು ದಿಕ್ಕಿಗೆ ಬೀಸುವ ದಿನ, ಬಿಸಿಲೇರಿದ ಮೇಲೆ ಶುರು ಮಾಡಿ. ಗಾಳಿಯೇ ಅರ್ಧ ಕೆಲಸ ಮಾಡಿ ಒಂದು ಬದಿಗೆ ಒಟ್ಟಿರುತ್ತದೆ. ನಿಮ್ಮ ಕೊಳದ ಅಗಲ ಆರು ಅಡಿ, ಹಾಗಾಗಿ ಆರಡಿಗಿಂತ ಚೂರು ಕಡಿಮೆ ಉದ್ದದ ಪಿವಿಸಿ ಪೈಪ್ ತೆಗೆದುಕೊಂಡು ಎರಡೂ ಬಾಯಿಗೆ ಮುಚ್ಚಳ ಹಾಕಿ. ಅದು ತೇಲುತ್ತದೆ. ಗಾಳಿ ಬೀಸುವ ಕಡೆಯಿಂದ ಅದನ್ನು ನಿಧಾನವಾಗಿ ತಳ್ಳುತ್ತಾ ಹೋದರೆ ಕಂಬಳಿ ಸುತ್ತಿದ ಹಾಗೆ ಹಸಿರೆಲ್ಲ ಎದುರು ದಡಕ್ಕೆ ಬರುತ್ತದೆ. ಅಲ್ಲಿ ಸಣ್ಣ ಕಣ್ಣಿನ ಬಲೆಯಿಂದ ಎತ್ತಿ. ನೈದಿಲೆ ಅಡ್ಡ ಬಂದರೆ ಅದರ ಎಲೆಯನ್ನು ಅಂಗೈಯಿಂದ ಒಂದು ಗೇಣು ಕೆಳಗೆ ಒತ್ತಿ ಪೈಪ್ ದಾಟಿಸಿ. ಎಲೆಯ ಮೇಲೆ ಅಂಟಿಕೊಂಡಿದ್ದನ್ನು ಮಗ್ಗಿನಿಂದ ನೀರು ಚಿಮ್ಮಿಸಿ ಇಳಿಸಿ. ಕೊನೆಗೆ ಕೊಳದ ಅಂಚನ್ನು ಹಳೆ ಬಟ್ಟೆಯಿಂದ ಒಂದು ಸುತ್ತು ಒರೆಸಿ. ಮರುಹುಟ್ಟು ಹೆಚ್ಚಾಗಿ ಅಲ್ಲಿಂದಲೇ, ಒದ್ದೆ ಕಲ್ಲಿನ ಸಂದಿಯಿಂದ.

ಎತ್ತಿದ ರಾಶಿಯನ್ನು ತಕ್ಷಣ ಎಸೆಯಬೇಡಿ. ಜರಡಿಯಲ್ಲಿ ಅಥವಾ ಸಣ್ಣ ರಂಧ್ರದ ಬುಟ್ಟಿಯಲ್ಲಿ ಹಾಕಿ ದಡದಲ್ಲೇ ಕೆಲವು ಗಂಟೆ ಬಿಡಿ. ಅದರಲ್ಲಿ ಗೊದಮೊಟ್ಟೆ, ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಮರಿ ಸಿಕ್ಕಿಕೊಂಡಿರುತ್ತವೆ. ಒದ್ದಾಡುವುದನ್ನು ಕಂಡ ಹಾಗೆ ನೀರಿಗೆ ಬಿಡಿ. ಆಮೇಲೆ ಒಣ ಎಲೆಯ ಜೊತೆ ಬೆರೆಸಿ ಕಾಂಪೋಸ್ಟ್‌ಗೆ ಹಾಕಿ. ಡಕ್‌ವೀಡ್‌ನಲ್ಲಿ ತೊಂಬತ್ತು ಪಾಲಿಗೂ ಜಾಸ್ತಿ ನೀರೇ, ಬರೀ ಅದನ್ನೇ ಒಟ್ಟಿದರೆ ನಾರುವ ಲೋಳೆಯಾಗುತ್ತದೆ. ಹೂ ಬಿಟ್ಟ ವಾಟರ್ ಹಯಸಿಂತ್ ಆದರೆ ಹೂವು, ಕಾಯಿ ಕತ್ತರಿಸಿ ಬೇರೆ ಸುಟ್ಟುಬಿಡಿ. ಯಾವುದನ್ನೂ ಚರಂಡಿಗೆ, ಕಾಲುವೆಗೆ, ಕೆರೆಗೆ ಹಾಕಬೇಡಿ. ನಿಮ್ಮ ಐದು ನಿಮಿಷದ ಉಳಿತಾಯ ಇನ್ನೊಬ್ಬರಿಗೆ ಹತ್ತು ವರ್ಷದ ಕೆಲಸವಾಗುತ್ತದೆ.

ಈ ರಾಶಿಯನ್ನು ಕಸ ಅಂತ ನೋಡಬೇಡಿ ಅನ್ನುವುದಕ್ಕೆ ಕಾರಣ ಇದೆ. ನಿಮ್ಮ ನೀರಿನಲ್ಲಿ ಹೆಚ್ಚಾಗಿದ್ದ ಸಾರಜನಕ, ರಂಜಕ ಈಗ ಆ ಬುಟ್ಟಿಯಲ್ಲಿದೆ. ಕಳೆಯನ್ನು ನೀರಿನಲ್ಲೇ ಸಾಯಿಸಿದರೆ ಆ ಗೊಬ್ಬರವೆಲ್ಲ ಮತ್ತೆ ನೀರಿಗೇ, ಮುಂದಿನ ಬೆಳೆಗೆ ಊಟ ಸಿದ್ಧ. ಹೊರಗೆ ತೆಗೆದರೆ ಗೊಬ್ಬರವೂ ಹೊರಗೆ ಹೋಯಿತು. ಔಷಧಿಗಿಂತ ಬಲೆಯೇ ಮೇಲು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಹಾಗಾದರೆ ಆ ಗೊಬ್ಬರ ಎಲ್ಲಿಂದ ಬಂತು? ನಿಮ್ಮ ಕೊಳದಲ್ಲಿ ಸುಮಾರು 3,400 ಲೀಟರ್ ನೀರು ಹಿಡಿಯುತ್ತದೆ. ಹದಿನೈದು ಗೋಲ್ಡ್‌ಫಿಶ್‌ಗೆ ಅದು ತೀರಾ ಕಡಿಮೆಯೇನಲ್ಲ. ನನ್ನ ಅನುಮಾನ ಮೀನಿನ ಆಹಾರದ ಮೇಲೆ. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಿ. ತಳಕ್ಕೆ ಇಳಿದ ಪ್ರತಿ ಕಾಳೂ ಕಳೆಗೆ ಗೊಬ್ಬರ. ಗೋಲ್ಡ್‌ಫಿಶ್ ಡಕ್‌ವೀಡ್ ತಿನ್ನುತ್ತದೆ, ಆದರೆ ಹೊಟ್ಟೆ ತುಂಬಿದ ಮೀನು ಸೊಪ್ಪು ಯಾಕೆ ತಿನ್ನುತ್ತದೆ ಹೇಳಿ? ಕೊಳ ತೆರವು ಮಾಡಿದ ಮೇಲೆ ಆಹಾರ ಅರ್ಧಕ್ಕೆ ಇಳಿಸಿ, ಅಳಿದುಳಿದ ಎಲೆಯನ್ನು ಅವೇ ಹುಡುಕಿಕೊಂಡು ತಿನ್ನುತ್ತವೆ. ಇಡೀ ಹೊದಿಕೆಯನ್ನು ಮೀನೇ ಮುಗಿಸಲಿ ಅಂತ ಕಾಯುವುದು ಬೇಡ. ಹುಲ್ಲುಗೆಂಡೆ ಮೀನು ಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಒಂದು ಮೀಟರ್‌ವರೆಗೆ ಬೆಳೆಯುವ ಮೀನು, ಮೊದಲು ನಿಮ್ಮ ಒಳ್ಳೆ ಗಿಡಗಳನ್ನೇ ಮುಗಿಸುತ್ತದೆ.

ಎರಡನೇ ಅನುಮಾನ ನೈದಿಲೆ ಕುಂಡದ ಮೇಲೆ. ಗೊಬ್ಬರವನ್ನು ಮಣ್ಣಿನ ಮೇಲೆ ಉದುರಿಸಿದ್ದರೆ ಅದು ನೀರಿಗೆ ಸೋರುತ್ತದೆ. ಗೊಬ್ಬರದ ಗುಳಿಗೆಯನ್ನು ಬೇರಿನ ಹತ್ತಿರ ಆಳಕ್ಕೆ ಒತ್ತಿ, ಮೇಲೆ ಎರಡು ಬೆರಳು ದಪ್ಪ ಜಲ್ಲಿ ಹಾಸಿ. ಕೊಟ್ಟಿಗೆ ಗೊಬ್ಬರ ಕುಂಡಕ್ಕೆ ಬೇಡವೇ ಬೇಡ. ಮಳೆನೀರು ತೋಟದ ಮಣ್ಣು, ಗೊಬ್ಬರ ಹೊತ್ತು ಕೊಳಕ್ಕೆ ಹರಿಯುತ್ತಿದ್ದರೆ ಅಂಚನ್ನು ಸ್ವಲ್ಪ ಎತ್ತರಿಸಿ. ತಳದ ಹೂಳನ್ನು ಒಂದೇ ದಿನ ಕಲಕಿ ತೆಗೆಯಬೇಡಿ, ಆಗಾಗ ಸ್ವಲ್ಪ ಸ್ವಲ್ಪ. ವಾರಕ್ಕೆ ಹತ್ತನೇ ಒಂದು ಪಾಲು ನೀರನ್ನು ತೋಟಕ್ಕೆ ಹಾಯಿಸಿ, ಬದಲಿಗೆ ಹೊಸ ನೀರು ತುಂಬಿ. ನಲ್ಲಿ ನೀರಲ್ಲಿ ಕ್ಲೋರಿನ್ ಇದ್ದರೆ ಒಂದು ದಿನ ತೆರೆದಿಟ್ಟು ಹಾಕಿ. ಕೆಲವು ಕಡೆ ಕ್ಲೋರಮೈನ್ ಬಳಸುತ್ತಾರೆ, ಅದು ಸುಮ್ನೆ ತೆರೆದಿಟ್ಟರೆ ಹೋಗುವುದಿಲ್ಲ, ಮೀನಿನ ತೊಟ್ಟಿಗೆ ಬಳಸುವ, ಕ್ಲೋರಿನ್ ತೆಗೆಯುವ ದ್ರಾವಣ ಬೇಕು.

ಚಿಕ್ಕ ಕಾರಂಜಿ ಇಟ್ಟರೆ ಎರಡು ಲಾಭ. ಡಕ್‌ವೀಡ್‌ಗೆ, ಅಜೋಲಾಗೆ ಅಲ್ಲಾಡುವ ನೀರು ಆಗಿ ಬರುವುದಿಲ್ಲ, ಮೀನಿಗೆ ಗಾಳಿ ಸಿಗುತ್ತದೆ. ನೈದಿಲೆಗೂ ಎಲೆ ಮೇಲೆ ನೀರು ಬೀಳುತ್ತಿದ್ದರೆ ಇಷ್ಟವಿಲ್ಲ, ಹಾಗಾಗಿ ಅದರಿಂದ ದೂರ, ಒಂದು ತುದಿಗೆ ಇಡಿ.

ದುಡ್ಡು ದಂಡ ಆಗುವ ಕೆಲವು ವಸ್ತುಗಳನ್ನೂ ಹೇಳಿಬಿಡುತ್ತೇನೆ. ನೀರಿಗೆ ಹಾಕುವ ನೀಲಿ ಬಣ್ಣ ಒಳಗಿನ ಪಾಚಿಗೆ ಬಿಸಿಲು ತಪ್ಪಿಸುತ್ತದೆ, ಮೇಲೆ ತೇಲುವ ಕಳೆ ಬಣ್ಣದ ಮೇಲೆಯೇ ಕೂತಿರುತ್ತದೆ. ಯುವಿ ದೀಪ ನೀರಿನ ಜೊತೆ ಹರಿದುಬರುವ ಸಣ್ಣ ಪಾಚಿಗೆ ಸರಿ, ಡಕ್‌ವೀಡ್ ಅದರ ಹತ್ತಿರ ಸುಳಿಯುವುದೂ ಇಲ್ಲ. ಬಾರ್ಲಿ ಹುಲ್ಲು ಕೂಡ ಪಾಚಿಯ ಉಪಾಯವೇ. ಉಪ್ಪು, ಬ್ಲೀಚಿಂಗ್ ಪೌಡರ್, ಸೀಮೆಎಣ್ಣೆ ಕಳೆಗಿಂತ ಮೊದಲು ಮೀನು, ಕಪ್ಪೆಯನ್ನು ಕೊಲ್ಲುತ್ತವೆ. ಹೊಲಕ್ಕೆ ಹೊಡೆಯುವ ಕಳೆನಾಶಕವನ್ನಂತೂ ತರಲೇಬೇಡಿ. ಗ್ಲೈಫೋಸೇಟ್‌ನ ಕೆಲವು ತಯಾರಿಕೆಗಳಲ್ಲಿ ಎಲೆಗೆ ಅಂಟಲೆಂದು ಬೆರೆಸುವ ಸಾಬೂನಿನಂಥ ಪದಾರ್ಥವೇ ಗೊದಮೊಟ್ಟೆಗೆ, ಮೀನಿಗೆ ವಿಷ. ನೀರಿಗೆಂದೇ ಅನುಮತಿ ಪಡೆದ ಔಷಧಿಗಳು ಇವೆ, ಅವು ಬಲೆ ಮುಟ್ಟಲಾಗದ ದೊಡ್ಡ ಕೆರೆಗಳಿಗೆ. ಅರವತ್ತು ಚದರ ಅಡಿ ಕೊಳಕ್ಕೆ ಬೇಕಾ?

ಪೂರ್ತಿ ಹೋಗುತ್ತದೆಯೇ ಅಂತ ಕೇಳಿದ್ದೀರಿ. ಅಜೋಲಾ ಹೋಗಬಹುದು, ನೀವು ಒಂದು ತಿಂಗಳು ಬಿಡದೆ ತೆಗೆದರೆ. ಸ್ಪೈರೊಡೆಲಾ ಕಷ್ಟ. ಚಳಿ ಬಿದ್ದಾಗ ಅಥವಾ ಊಟ ಸಿಗದಾದಾಗ ಅದು ದಪ್ಪ ಮೊಗ್ಗಿನಂಥ ಕುಡಿಗಳನ್ನು ಮಾಡಿ ತಳಕ್ಕೆ ಬಿಡುತ್ತದೆ. ಅವು ಕೆಸರಿನಲ್ಲಿ ಮಲಗಿದ್ದು, ಹವೆ ಸರಿಹೋದಾಗ ಮತ್ತೆ ತೇಲಿ ಬರುತ್ತವೆ. ಹಾಗಾಗಿ ಸೊನ್ನೆಗೆ ಗುರಿ ಇಡಬೇಡಿ. ನೈದಿಲೆ ಎಲೆ ಅರ್ಧ ಕೊಳ ಮುಚ್ಚಲಿ, ತೇಲುವ ಕಳೆ ಒಂದು ಮೂಲೆ ದಾಟದಿರಲಿ. ನೆರಳು ಪೂರ್ತಿ ಹೋದರೂ ತೊಂದರೆಯೇ. ಹೊದಿಕೆ ತೆಗೆದ ಎರಡು ವಾರದಲ್ಲಿ ನೀರು ಅವರೆಸೊಪ್ಪು ಅರೆದ ಹಾಗೆ ಹಸಿರಾಗಬಹುದು. ಆಗ ಗಾಬರಿಯಾಗಿ ಮತ್ತೆ ಔಷಧಿ ಹುಡುಕಬೇಡಿ. ಅದೇ ಗೊಬ್ಬರವನ್ನು ಈಗ ಕಣ್ಣಿಗೆ ಕಾಣದ ಪಾಚಿ ತಿನ್ನುತ್ತಿದೆ. ನೈದಿಲೆ ಎಲೆ ಹರಡಿದ ಹಾಗೆ, ನೀವು ಆಹಾರ ಕಡಿಮೆ ಮಾಡಿದ ಹಾಗೆ ಅದು ತಾನೇ ಇಳಿಯುತ್ತದೆ. ಮೊದಲ ಎರಡು ವಾರ ಎರಡು ದಿನಕ್ಕೊಮ್ಮೆ ಬಲೆ, ಆಮೇಲೆ ವಾರಕ್ಕೆ ಒಂದೆರಡು ಸಲ. ನಿಮ್ಮ ಕೊಳಕ್ಕೆ ಅಷ್ಟು ಸಾಕು. ವಾರ ಕಳೆದ ಮೇಲೂ ಮೀನು ಬೆಳಗ್ಗೆ ಬಾಯಿ ಬಿಡುತ್ತಿದ್ದರೆ ಕಳೆಯ ಮೇಲೆ ತಪ್ಪು ಹೊರಿಸಬೇಡಿ, ತಳದ ಕೆಸರನ್ನೂ ನೀರಿನ ಅಮೋನಿಯಾವನ್ನೂ ಪರೀಕ್ಷಿಸಿ.

ಈ ಸಲದ ಕಳೆ ಹೊಸ ನೈದಿಲೆಯ ಜೊತೆ ಬಂದದ್ದು ಎಂಬ ನಿಮ್ಮ ಊಹೆ ಸರಿ ಅನ್ನಿಸುತ್ತದೆ. ಮುಂದೆ ಯಾವ ಗಿಡ ತಂದರೂ ಕುಂಡದಿಂದ ಎತ್ತಿ, ಬೇರು, ಎಲೆಯ ಬುಡ ಎಲ್ಲ ತೊಳೆದು, ಎರಡು ವಾರ ಬೇರೆ ಬಕೆಟ್‌ನಲ್ಲಿ ಇಟ್ಟು ನೋಡಿ. ಒಂದು ಹಸಿರು ಚುಕ್ಕೆ ಕಂಡರೂ ಮತ್ತೆ ತೊಳೆದು ಮತ್ತೆ ಎರಡು ವಾರ. ಬಲೆಯನ್ನೂ ತೊಳೆದು ಬಿಸಿಲಲ್ಲಿ ಗರಿಗರಿ ಒಣಗಿಸಿ. ಇದನ್ನು ಹತ್ತಾರು ಜನಕ್ಕೆ ಹೇಳಿದ ನಾನೇ ಒಮ್ಮೆ ಅವಸರದಲ್ಲಿ ಒದ್ದೆ ಬಲೆಯನ್ನು ನನ್ನ ಶುದ್ಧ ತೊಟ್ಟಿಗೆ ಅದ್ದಿಬಿಟ್ಟೆ. ಬಲೆಯ ಗಂಟಿನಲ್ಲಿ ವುಲ್ಫಿಯಾ ಇತ್ತು, ಕಣ್ಣಿಗೆ ಬೀಳಲಿಲ್ಲ. ಆ ತೊಟ್ಟಿಯಲ್ಲಿ ಅದು ಈಗಲೂ ಇದೆ.